ಮುದ್ದೆ ತಿಂದರೂ ಮೈ ಇಳಿಯದೇಕೆ?

"ಅನ್ನ ಕಮ್ಮಿ ಮಾಡಿ ಮೂರು ತಿಂಗಳಾಯ್ತು ಡಾಕ್ಟ್ರೇ. ಕಾಫಿ ಬಿಟ್ಟೆ, ಬಿಸ್ಕತ್ತು, ಮಿಕ್ಸ್ಚರ್ ಮುಟ್ಟೋದೇ ಇಲ್ಲ. ಮುದ್ದೆ, ಸೊಪ್ಪು, ಹಣ್ಣು, ಬಾದಾಮಿ ಇಷ್ಟೇ. ಆದರೂ ಎರಡು ಕೆ.ಜಿ. ಜಾಸ್ತಿ ಆಗಿದೀನಿ. ನಿಮ್ಮ ತೂಕದ ಯಂತ್ರ ಸರಿಯಾಗಿದೆಯಾ?"

ವಿದ್ಯಾರಣ್ಯಪುರದ ನನ್ನ ಚಿಕಿತ್ಸಾಲಯದಲ್ಲಿ ಹೀಗೆ ಕೇಳಿದ ಗೃಹಿಣಿಗೆ 52 ವರ್ಷ. ಪತಿ ಕಾರ್ಖಾನೆಯಿಂದ ನಿವೃತ್ತರು. ತಾಯಿ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟು ತೀರಿಕೊಂಡವರು. ಇವರ ರಕ್ತದಲ್ಲಿಯೂ ಸಕ್ಕರೆ ಗಡಿಯಂಚಿನಲ್ಲಿತ್ತು. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಬಂದಿತ್ತು. 6.5 ಮುಟ್ಟಿದರೆ ಮಧುಮೇಹ. ಆದ್ದರಿಂದಲೇ "ಒಳ್ಳೆಯ ಆಹಾರ ತಿನ್ನಿ, ತೂಕ ಇಳಿಸಿ" ಎಂದು ನಾನು ಹೇಳಿ ಕಳುಹಿಸಿದ್ದೆ.

ಅವರ ಪ್ರಶ್ನೆಗೆ ನಾನು ನಕ್ಕು, "ಯಂತ್ರ ಸುಳ್ಳು ಹೇಳೋಲ್ಲ ಅಮ್ಮಾ" ಎಂದುಬಿಟ್ಟೆ. ಹಾಗೆಂದರೆ ಸುಳ್ಳು ಹೇಳುತ್ತಿರುವವರು ನೀವು ಎಂದಂತಾಯಿತಲ್ಲ! ಅವರು ಮಾತಾಡದೆ ಎದ್ದು ಹೋದರು. ಮತ್ತೆ ಬಂದದ್ದು ಏಳು ತಿಂಗಳ ನಂತರ. ಇಷ್ಟು ಮಾಡಿಯೂ ಫಲವಿಲ್ಲವೆಂದು ಬೇಸತ್ತು ಪಥ್ಯವನ್ನೂ ನಡಿಗೆಯನ್ನೂ ಬಿಟ್ಟಿದ್ದರು. ಎಚ್‌ಬಿಎ1ಸಿ 6.8 ಆಗಿತ್ತು.

ಆ ದಿನ ನಾನು ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು. "ಆ ಮೂರು ತಿಂಗಳು ಏನೇನು ತಿನ್ನುತ್ತಿದ್ದಿರೋ ಅದನ್ನೇ ಇನ್ನೊಂದು ವಾರ ತಿನ್ನಿ. ತಿಂದದ್ದನ್ನು ಅಳತೆ ಸಮೇತ ಬರೆದು ತನ್ನಿ" ಎಂದೆ. ಅವರು ತಂದ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಕೆಟ್ಟ ತಿಂಡಿ ಇರಲಿಲ್ಲ. ಅವರು ಹೇಳಿದ್ದು ನಿಜವೇ ಆಗಿತ್ತು. ಏನು ತಿನ್ನಬೇಕೆಂದು ಹೇಳಿದ್ದ ನಾನು ಎಷ್ಟು ತಿನ್ನಬೇಕೆಂದು ಹೇಳಿರಲಿಲ್ಲ, ಅಷ್ಟೆ.

ನಿಮ್ಮ ಮನೆಯಲ್ಲಿಯೂ ಇಂಥ ಒಬ್ಬರಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಪುರುಷರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಆ ನೋಟ್‌ಬುಕ್ಕಿನ ಲೆಕ್ಕವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಸೇರಿಸಿದ್ದೆಷ್ಟು, ಬಿಟ್ಟದ್ದೆಷ್ಟು?

ಆಹಾರದಿಂದ ದೊರೆಯುವ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆಯುತ್ತೇವೆ. ಒಂದು ಗ್ರಾಂ ಪಿಷ್ಟ ಅಥವಾ ಸಸಾರಜನಕದಿಂದ 4 ಕ್ಯಾಲೊರಿ ಸಿಕ್ಕರೆ, ಒಂದು ಗ್ರಾಂ ಜಿಡ್ಡಿನಿಂದ 9 ಕ್ಯಾಲೊರಿ ಸಿಗುತ್ತದೆ. ಖರ್ಚಾಗದೆ ಉಳಿದ ಶಕ್ತಿಯನ್ನು ದೇಹ ಕೊಬ್ಬಾಗಿ ಕೂಡಿಡುತ್ತದೆ. ಅದು ಜಿಲೇಬಿಯಿಂದ ಬಂತೇ, ಬಾದಾಮಿಯಿಂದ ಬಂತೇ ಎಂದು ವಿಚಾರಿಸುವುದಿಲ್ಲ.

ಆ ತಾಯಿ ಬಿಟ್ಟದ್ದು ದಿನಕ್ಕೆ ಸಕ್ಕರೆ ಹಾಕಿದ ಎರಡು ಲೋಟ ಕಾಫಿ, ಸಂಜೆಯ ಬಿಸ್ಕತ್ತು, ಮಿಕ್ಸ್ಚರ್. ಇವೆಲ್ಲ ಸೇರಿ ಸುಮಾರು 410 ಕ್ಯಾಲೊರಿ. ಒಳ್ಳೆಯದೆಂದು ಹೊಸದಾಗಿ ಸೇರಿಸಿಕೊಂಡದ್ದು ನಾಲ್ಕು:

ಬೆಳಿಗ್ಗೆ ಬಿಸಿನೀರಿಗೆ ಒಂದು ದೊಡ್ಡ ಚಮಚ ಜೇನುತುಪ್ಪ: 60 ಕ್ಯಾಲೊರಿ.
ಹತ್ತು ಬಾದಾಮಿ, ಐದು ಸಣ್ಣ ಖರ್ಜೂರ: 170.
ಹಾಲು, ಬೆಲ್ಲ ಹಾಕಿದ ಒಂದು ಲೋಟ ರಾಗಿ ಮಾಲ್ಟ್: 180.
ಸಂಜೆ ಒಂದು ಹಿಡಿ, ಅಂದರೆ 30 ಗ್ರಾಂ, ಹುರಿದ ಕಡಲೇಕಾಯಿ ಬೀಜ: 170.

ಒಟ್ಟು 580. ಬಿಟ್ಟದ್ದನ್ನು ಕಳೆದರೆ ದಿನಕ್ಕೆ 170 ಕ್ಯಾಲೊರಿ ಹೆಚ್ಚಾಯಿತು. 90 ದಿನಕ್ಕೆ 15,300. ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700 ಕ್ಯಾಲೊರಿ. ಎರಡು ಕಿಲೋ ಎಲ್ಲಿಂದ ಬಂತೆಂದು ಗೊತ್ತಾಯಿತಲ್ಲವೇ? ದೇಹ ಬ್ಯಾಂಕಿನ ಪಾಸ್‌ಬುಕ್ಕಿನಷ್ಟು ಕರಾರುವಾಕ್ಕಾಗಿ ಲೆಕ್ಕ ಇಡುವುದಿಲ್ಲ, ನಿಜ. ಆದರೂ ಲೆಕ್ಕದ ದಾರಿ ಇದೇ.

ಈ ನಾಲ್ಕರಲ್ಲಿ ಯಾವುದೂ ವಿಷವಲ್ಲ. ಬಾದಾಮಿ, ಕಡಲೇಕಾಯಿಯಲ್ಲಿರುವುದು ಹೃದಯಕ್ಕೆ ಹಿತವಾದ ಜಿಡ್ಡು. ಆದರೆ ಅವನ್ನು ಬೇರೆ ಯಾವುದಕ್ಕಾದರೂ ಬದಲಾಗಿ ತಿನ್ನಬೇಕೇ ಹೊರತು ಎಲ್ಲದರ ಮೇಲೆ ಸೇರಿಸಿಕೊಳ್ಳಬಾರದು. ಪಕ್ಕದ ಮನೆಯವರು, ದೂರದರ್ಶನ, ಮೊಬೈಲು ಎಲ್ಲವೂ "ಇದನ್ನು ತಿನ್ನಿ" ಎನ್ನುತ್ತವೆ. "ಯಾವುದರ ಬದಲಿಗೆ?" ಎಂದು ಹೇಳುವವರು ಅಪರೂಪ.

ರಾಗಿ ಮತ್ತು ಅಕ್ಕಿ

ನಮ್ಮ ಕಡೆ "ಮುದ್ದೆ ಎಷ್ಟು ತಿಂದರೂ ದಪ್ಪ ಆಗಲ್ಲ" ಎಂಬ ನಂಬಿಕೆಯಿದೆ. ರಾಗಿಯ ಮೇಲಿನ ಅಭಿಮಾನಕ್ಕೆ ಕಾರಣವೂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಬಿಳಿ ಅಕ್ಕಿಯಲ್ಲಿ ಇದರ ಹತ್ತನೆಯ ಒಂದು ಪಾಲೂ ಇಲ್ಲ. ನಾರಿನಂಶವೂ ರಾಗಿಯಲ್ಲಿ ಹೆಚ್ಚು.

ಆದರೆ ಕ್ಯಾಲೊರಿಯ ಲೆಕ್ಕಕ್ಕೆ ಬಂದರೆ ಅಕ್ಕಿ, ಗೋಧಿ, ರಾಗಿ, ಜೋಳ, ನವಣೆ ಎಲ್ಲವೂ ಒಂದೇ ಊರಿನವು. ನೂರು ಗ್ರಾಂ ಒಣ ಧಾನ್ಯಕ್ಕೆ ಹೆಚ್ಚುಕಡಿಮೆ 320ರಿಂದ 360. ನೂರು ಗ್ರಾಂ ಹಿಟ್ಟಿನ ಮುದ್ದೆ ತಿಂದರೆ 320 ಕ್ಯಾಲೊರಿ ಹೊಟ್ಟೆಗೆ ಹೋಯಿತೆಂದೇ ಅರ್ಥ. "ಮುದ್ದೆಯಲ್ಲವೇ, ಪರವಾಗಿಲ್ಲ" ಎಂದು ಎರಡು ನುಂಗಿ, ಮೇಲೆ ಒಂದಿಷ್ಟು ಮೊಸರನ್ನ ಕಲಸಿಕೊಂಡರೆ ಮೊದಲಿನ ಅನ್ನದೂಟವೇ ಮೇಲಾಗಿತ್ತು. ಮುದ್ದೆ ರಕ್ತದ ಸಕ್ಕರೆಯನ್ನು ಏರಿಸುವುದೇ ಇಲ್ಲ ಎಂಬುದೂ ಸರಿಯಲ್ಲ.

"ನಮ್ಮಜ್ಜ ಮೂರು ಹೊತ್ತೂ ಮುದ್ದೆ ಉಂಡು ಗಟ್ಟಿಯಾಗಿದ್ದರಲ್ಲ?" ಎಂದು ನೀವು ಕೇಳಬಹುದು. ನಿಮ್ಮಜ್ಜ ಉಂಡೆದ್ದು ನೇಗಿಲು ಹಿಡಿಯುತ್ತಿದ್ದರು. ನಾವು ಉಂಡೆದ್ದು ರಿಮೋಟ್ ಹಿಡಿಯುತ್ತೇವೆ.

ಬೆಲ್ಲದ ಕಥೆಯೂ ಹೀಗೆಯೇ. ನೂರು ಗ್ರಾಂ ಸಕ್ಕರೆಯಲ್ಲಿ 400 ಕ್ಯಾಲೊರಿಯಿದ್ದರೆ ಬೆಲ್ಲದಲ್ಲಿ ಸುಮಾರು 380. ಸಿರಿಧಾನ್ಯದ ಲಾಡು, ರಾಗಿ ಬಿಸ್ಕತ್ತುಗಳ ಹೆಸರಿನಲ್ಲಿ ಧಾನ್ಯವಿದೆ. ಒಳಗೆ ಬೆಲ್ಲ, ತುಪ್ಪ, ಎಣ್ಣೆ ಇದೆ.

ಎಣ್ಣೆಗೆ ಭೇದವಿಲ್ಲ

"ಗಾಣದ ಎಣ್ಣೆ ತರಿಸ್ತೀವಿ ಡಾಕ್ಟ್ರೇ" ಎಂದು ಹೆಮ್ಮೆಯಿಂದ ಹೇಳುವವರು ನಮ್ಮ ಬಡಾವಣೆಯಲ್ಲಿ ಬಹಳ. ತರಿಸಿ, ಒಳ್ಳೆಯದೇ. ಆದರೆ ಕಡಲೇಕಾಯಿ, ಸೂರ್ಯಕಾಂತಿ, ಆಲಿವ್ ಯಾವುದೇ ಇರಲಿ, ಗಾಣದ್ದಿರಲಿ ಪ್ಯಾಕೆಟ್ಟಿನದ್ದಿರಲಿ, ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ. ತುಪ್ಪವೂ ಅಷ್ಟೇ. ಸೊಪ್ಪಿನ ಪಲ್ಯ ಆರೋಗ್ಯಕರವೇ. ಅದಕ್ಕೆ ನಾಲ್ಕು ಚಮಚ ಎಣ್ಣೆಯ ಒಗ್ಗರಣೆ, ಒಂದು ಹೋಳು ಕಾಯಿತುರಿ ಬಿದ್ದಾಗ ಸೊಪ್ಪಿನ ಲೆಕ್ಕ ಎಲ್ಲಿ ಉಳಿಯಿತು?

ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆ ಸಾಕೆಂದು ನಾನು ಹೇಳುತ್ತೇನೆ. ನಾಲ್ಕು ಜನರ ಮನೆಗೆ ಎರಡು ಲೀಟರ್. ನಿಮ್ಮ ಮನೆಯ ದಿನಸಿ ಚೀಟಿಯನ್ನು ಇವತ್ತೇ ತೆಗೆದು ನೋಡಿ.

ಕಣ್ಣಳತೆಯ ಮೋಸ

ನಮ್ಮ ಕಣ್ಣು ಮತ್ತು ನೆನಪು ಈ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ 1992ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ವೈದ್ಯರು ಪರೀಕ್ಷಿಸಿದರು. ಅವರ ದೇಹ ಶಕ್ತಿ ಖರ್ಚು ಮಾಡುವ ರೀತಿಯಲ್ಲಿ ದೋಷವಿರಲಿಲ್ಲ. ಆದರೆ ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ, ಮಾಡಿದ ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿಯೂ ಹೇಳಿದ್ದರು. ಬೇಕೆಂದು ಸುಳ್ಳು ಹೇಳುವ ಅಗತ್ಯವೇ ಇಲ್ಲ. ನಮ್ಮೆಲ್ಲರ ಅಂದಾಜೂ ಹೀಗೆ ಜಾರುತ್ತದೆ.

ಅಡುಗೆ ಮಾಡುವ ಗೃಹಿಣಿಯರಿಗೆ ಇದು ಇನ್ನೂ ಕಷ್ಟ. ರುಚಿ ನೋಡಿದ್ದು, ಮೊಮ್ಮಗು ಬಿಟ್ಟ ತುತ್ತು, ರಾತ್ರಿ ಉಳಿದ ಸಾರನ್ನ ಚೆಲ್ಲಲು ಮನಸ್ಸಾಗದೆ ತಿಂದದ್ದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಮೈ ಮಾತ್ರ ಸೇರಿಸಿಕೊಳ್ಳುತ್ತದೆ.

ನಡಿಗೆಯದೂ ಹೀಗೆಯೇ. ದೊಡ್ಡಬೊಮ್ಮಸಂದ್ರ ಕೆರೆಯ ಸುತ್ತ ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 120 ಕ್ಯಾಲೊರಿಯ ಆಸುಪಾಸು. ವಾಪಸು ಬರುವಾಗ ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿ ವಡೆ, ಕಾಫಿ ಮುಗಿಸಿದರೆ ಖರ್ಚಿಗಿಂತ ಜಮೆಯೇ ಹೆಚ್ಚು. ಹೃದಯ, ಕೀಲು, ನಿದ್ರೆ, ಸಕ್ಕರೆಯ ಹತೋಟಿಗೆ ನಡಿಗೆ ಬೇಕೇ ಬೇಕು. ಆದರೆ ಅದು ಹೆಚ್ಚು ತಿನ್ನಲು ಪಡೆದ ಪರವಾನಗಿಯಲ್ಲ.

ಹಾಗಾದರೆ ಒಳ್ಳೆಯ ಆಹಾರ ವ್ಯರ್ಥವೇ?

ಖಂಡಿತ ಅಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ತರಕಾರಿ, ಹಣ್ಣು, ಕಾಳುಗಳಂಥ ಸಹಜ ಆಹಾರವನ್ನೂ ಕೊಟ್ಟು ಇಷ್ಟ ಬಂದಷ್ಟು ತಿನ್ನಲು ಬಿಟ್ಟರು. ಸಂಸ್ಕರಿಸಿದ ಆಹಾರವಿದ್ದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ತೂಕ ಸುಮಾರು ಒಂದು ಕಿಲೋ ಏರಿತು. ಸಹಜ ಆಹಾರದಲ್ಲಿ ಅಷ್ಟೇ ಇಳಿಯಿತು.

ಅಂದರೆ ಸೊಪ್ಪು, ತರಕಾರಿ, ಕಾಳು ಹೊಟ್ಟೆ ತುಂಬಿಸಿ, "ಸಾಕು" ಎನ್ನಿಸುತ್ತವೆ. ಹಣ್ಣನ್ನು ರಸ ಹಿಂಡಿದರೆ, ಕಡಲೇಕಾಯಿಯನ್ನು ಟಿ.ವಿ. ಮುಂದೆ ಬಟ್ಟಲುಗಟ್ಟಲೆ ತಿಂದರೆ ಆ ಗುಣ ಕೈಬಿಟ್ಟುಹೋಗುತ್ತದೆ.

ಇನ್ನೂ ಒಂದು ಮಾತು. ತೂಕ ಇಳಿಯದಿದ್ದರೂ ಒಳ್ಳೆಯ ಊಟದಿಂದ ರಕ್ತದೊತ್ತಡ, ಮಲಬದ್ಧತೆ, ರಕ್ತದ ಕೊಬ್ಬು ಸುಧಾರಿಸಬಹುದು. ಯಂತ್ರದ ಮುಳ್ಳು ಕದಲಲಿಲ್ಲವೆಂದು ಎಲ್ಲವನ್ನೂ ಬಿಡುವುದು ದೊಡ್ಡ ನಷ್ಟ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಎಲ್ಲವೂ ಊಟದ ಲೆಕ್ಕವಲ್ಲ. ಸುಸ್ತು, ಚಳಿ ತಡೆಯದಿರುವುದು, ಕೂದಲು ಉದುರುವುದು, ಮಲಬದ್ಧತೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಯುವತಿಯರಲ್ಲಿ ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು ಬೆಳೆದರೆ ಅಂಡಾಶಯದ ತೊಂದರೆಯಿರಬಹುದು. ಸ್ಟೀರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಔಷಧಿ, ಇನ್ಸುಲಿನ್ ಮುಂತಾದವು ತೂಕ ಹೆಚ್ಚಿಸುತ್ತವೆ. ಆದರೆ ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಅಪಾಯ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಸೊಂಟದ ಸುತ್ತ ಬೊಜ್ಜು ಸೇರುವುದು ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು.

ಮಾಡಬೇಕಾದದ್ದು

1. ಒಂದು ವಾರ ತಿಂದದ್ದು, ಕುಡಿದದ್ದು ಎಲ್ಲವನ್ನೂ ಬರೆಯಿರಿ. ರುಚಿ ನೋಡಿದ್ದೂ ಸೇರಲಿ.

2. ಹೊಸದೊಂದನ್ನು ಸೇರಿಸುವ ಮುನ್ನ "ಯಾವುದನ್ನು ಬಿಡಲಿ?" ಎಂದು ಕೇಳಿಕೊಳ್ಳಿ.

3. ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿಗೆ. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನಿಗೆ. ಉಳಿದ ಕಾಲು ಭಾಗ ಮುದ್ದೆ, ಚಪಾತಿ, ಅನ್ನ ಇವುಗಳಲ್ಲಿ ಒಂದಕ್ಕೆ ಇರಲಿ. ಒಂದು ಊಟಕ್ಕೆ ಒಂದೇ ಧಾನ್ಯ.

4. ಎಣ್ಣೆಯನ್ನು ಡಬ್ಬದಿಂದ ಸುರಿಯದೆ ಚಮಚದಿಂದ ಅಳೆದು ಹಾಕಿ.

5. ಹಣ್ಣನ್ನು ಕಚ್ಚಿ ತಿನ್ನಿ, ಕುಡಿಯಬೇಡಿ.

6. ತೂಕವನ್ನು ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ನೋಡಿ. ದಿನನಿತ್ಯದ ಏರಿಳಿತ ಬಹುಪಾಲು ನೀರಿನದು. ಜೊತೆಗೆ ಸೊಂಟದ ಸುತ್ತಳತೆ ತೆಗೆಯಿರಿ. ಮಹಿಳೆಯರಿಗೆ 80, ಪುರುಷರಿಗೆ 90 ಸೆಂಟಿಮೀಟರ್ ದಾಟಬಾರದು.

ತೂಕ ಇಳಿದಂತೆ ದೇಹಕ್ಕೆ ಬೇಕಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಹೀಗಾಗಿ ಮೊದಲೆರಡು ತಿಂಗಳು ಇಳಿದದ್ದು ಆಮೇಲೆ ನಿಂತಂತೆ ಕಾಣುತ್ತದೆ. ಇದು ಸೋಲಲ್ಲ. ಮತ್ತೊಮ್ಮೆ ನೋಟ್‌ಬುಕ್ ತೆಗೆಯುವ ಸಮಯ ಬಂದಿದೆ ಎಂದಷ್ಟೇ.

ಆ ತಾಯಿ ಈಗ ಬಾದಾಮಿ ತಿಂದ ದಿನ ಕಡಲೇಕಾಯಿ ತಿನ್ನುವುದಿಲ್ಲ. ಜೇನುತುಪ್ಪ, ಖರ್ಜೂರ ನಿಲ್ಲಿಸಿದ್ದಾರೆ. ರಾಗಿ ಮಾಲ್ಟಿಗೆ ಬೆಲ್ಲದ ಬದಲು ಮಜ್ಜಿಗೆ ಬೆರೆಸಿ, ಅದನ್ನೇ ಬೆಳಗಿನ ತಿಂಡಿ ಮಾಡಿಕೊಂಡಿದ್ದಾರೆ. ಸಕ್ಕರೆಗೆ ಮಾತ್ರೆಯೂ ನಡೆದಿದೆ. ಹತ್ತು ತಿಂಗಳಲ್ಲಿ ಐದು ಕಿಲೋ ಇಳಿದಿದ್ದಾರೆ, ಎಚ್‌ಬಿಎ1ಸಿ 6.1ಕ್ಕೆ ಬಂದಿದೆ. ಮಾತ್ರೆಯ ಪಾಲು ಇದರಲ್ಲಿ ಇಲ್ಲವೆನ್ನಲಾರೆ. ನೋಟ್‌ಬುಕ್ಕಿನ ಪಾಲು ಅದಕ್ಕಿಂತ ಕಡಿಮೆಯೇನಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ "ಏನೂ ತಿನ್ನಲ್ಲ, ಆದರೂ ದಪ್ಪ ಆಗ್ತೀನಿ" ಎಂದರೆ ನಗಬೇಡಿ. ನಾನು ನಕ್ಕು ಏಳು ತಿಂಗಳು ಕಳೆದೆ. ಅವರ ಪಕ್ಕದಲ್ಲಿ ಕುಳಿತು, ಒಂದು ವಾರದ ಲೆಕ್ಕ ಬರೆಯಲು ನೆರವಾಗಿ.