ವರ್ಣತಂತುಗಳ ಕೊಡುಕೊಳೆ

ಒಂದೇ ತಾಯಿತಂದೆಗಳ ಮಕ್ಕಳಲ್ಲಿ ಒಬ್ಬನಂತೆ ಇನ್ನೊಬ್ಬನಿರುವುದಿಲ್ಲ. ತದ್ರೂಪಿ ಅವಳಿಗಳ ಮಾತು ಬೇರೆ. ಈ ವೈವಿಧ್ಯದ ಮೂಲವನ್ನು ನಾವು ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವ ಗಳಿಗೆಯಲ್ಲಿ ಅರಸಬೇಕು.

ನಮ್ಮ ಜೀವಕೋಶದಲ್ಲಿರುವ 46 ವರ್ಣತಂತುಗಳು 23 ಜೊತೆಗಳಾಗಿವೆ. ಪ್ರತಿ ಜೊತೆಯಲ್ಲಿಯೂ ಒಂದು ತಂದೆಯಿಂದ ಬಂದುದು, ಇನ್ನೊಂದು ತಾಯಿಯಿಂದ. ಇಂಥ ಜೊತೆಗಾರರಿಗೆ ಸಮರೂಪಿ ವರ್ಣತಂತುಗಳೆಂದು ಹೆಸರು. ಮಿಯಾಸಿಸ್ ಎಂಬ ವಿಭಜನೆಯಲ್ಲಿ ಜೊತೆಗಳು ಅಗಲಿ, ಒಂದೊಂದು ಲಿಂಗಾಣುವಿಗೆ ಪ್ರತಿ ಜೊತೆಯಿಂದ ಒಂದೇ ತಂತು ಸಲ್ಲುತ್ತದೆ. ಯಾವ ಜೊತೆಯಿಂದ ತಂದೆಯದು, ಯಾವುದರಿಂದ ತಾಯಿಯದು ಎಂಬುದಕ್ಕೆ ಕಟ್ಟಳೆಯಿಲ್ಲ. ಇದೊಂದರಿಂದಲೇ 83,88,608 ಬಗೆಯ ಲಿಂಗಾಣುಗಳು ಸಾಧ್ಯ!

ಲೆಕ್ಕ ಇಲ್ಲಿಗೇ ಮುಗಿಯದು. ಅಗಲುವ ಮೊದಲು ಜೊತೆಗಾರ ತಂತುಗಳು ತಮ್ಮ ತುಂಡುಗಳನ್ನು ಬದಲಾಯಿಸಿಕೊಳ್ಳುತ್ತವೆಂದು ಟಿ. ಎಚ್. ಮಾರ್ಗನ್ 1911ರಲ್ಲಿ ಹಣ್ಣಿನ ನೊಣಗಳ ಗುಣಗಳಿಂದ ತರ್ಕಿಸಿದರು. ತರ್ಕವೇನೋ ಸರಿ, ಕಣ್ಣಾರೆ ಕಾಣುವುದು ಹೇಗೆ? ಎರಡು ಬಿಳಿಯ ದಾರಗಳನ್ನು ಕತ್ತರಿಸಿ ಅದಲುಬದಲಾಗಿ ಬೆಸೆದರೆ ನಮಗೆ ಕಾಣುವುದು ಮತ್ತೆ ಎರಡು ಬಿಳಿಯ ದಾರಗಳೇ. ಒಂದು ದಾರದ ಎರಡು ತುದಿಗಳಿಗೂ ಬೇರೆಬೇರೆ ಗುರುತಿದ್ದರೆ ಮಾತ್ರ ಗುಟ್ಟು ಬಯಲಾದೀತು.

ಅಂಥ ದಾರವು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್‌ಲಿಂಟಾಕ್ ಅವರಿಗೆ ಮುಸುಕಿನ ಜೋಳದಲ್ಲಿ ದೊರೆಯಿತು. ಅದರ 9ನೆಯ ವರ್ಣತಂತುವಿನ ಒಂದು ತುದಿಯಲ್ಲಿ ಗಂಟಿನಂಥ ಉಬ್ಬು. ಮತ್ತೊಂದರಲ್ಲಿ 8ನೆಯ ತಂತುವಿನಿಂದ ಬಂದು ಅಂಟಿಕೊಂಡ ತುಂಡು. ನಡುವೆ ಕಾಳಿನ ಬಣ್ಣವನ್ನೂ ಪಿಷ್ಟದ ಬಗೆಯನ್ನೂ ನಿರ್ಣಯಿಸುವ ಜೀನುಗಳು. ಈ ತಂತು ಬಣ್ಣವನ್ನೂ ಮೇಣದಂಥ ಪಿಷ್ಟವನ್ನೂ ಹೊತ್ತಿತ್ತು. ಅದರ ಜೊತೆಗಾರನಿಗೆ ಗಂಟಿಲ್ಲ, ತುಂಡಿಲ್ಲ, ಬಣ್ಣವೂ ಇಲ್ಲ, ಪಿಷ್ಟ ಸಾಧಾರಣದ್ದು. ಇವೆರಡೂ ಇದ್ದ ಗಿಡವನ್ನು ಗುರುತಿಲ್ಲದ ತಂತುಗಳ ಗಿಡದೊಡನೆ ಸಂಕರಗೊಳಿಸಿದಾಗ, ಬಣ್ಣವಿಲ್ಲದ ಆದರೆ ಮೇಣಪಿಷ್ಟದ ಕಾಳುಗಳೂ ಹುಟ್ಟಿದವು. ಅವನ್ನು ಬಿತ್ತಿ ಬೆಳೆದ ಗಿಡಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗಂಟು ಇಲ್ಲ, ಅಂಟಿದ ತುಂಡು ಮಾತ್ರ ಇದೆ! ಗುಣಗಳು ಅದಲುಬದಲಾದಲ್ಲಿ ತಂತುಗಳೂ ತುಂಡು ಕೊಟ್ಟು ತುಂಡು ಪಡೆದಿದ್ದವು.

ಪರೀಕ್ಷಿಸಿದ ಗಿಡಗಳು ಕೆಲವೇ ಆದುದರಿಂದ ಇನ್ನೊಂದು ಬೆಳೆಗಾಗಿ ಕಾಯುವ ಯೋಚನೆಯಿತ್ತು. ಕಾರ್ನೆಲ್‌ಗೆ ಬಂದಿದ್ದ ಮಾರ್ಗನ್, ತಡಮಾಡದೆ ಪ್ರಕಟಿಸಿರೆಂದು ಒತ್ತಾಯಪಡಿಸಿದರು. ಲೇಖನವು 1931ರ ಆಗಸ್ಟಿನಲ್ಲಿ ಹೊರಬಂದಿತು. ಅದೇ ವರ್ಷ ಜರ್ಮನಿಯ ಕರ್ಟ್ ಸ್ಟರ್ನ್ ಹಣ್ಣಿನ ನೊಣಗಳಲ್ಲಿ ಇದನ್ನೇ ತೋರಿಸಿದರು. ಜೋಳವು ನೊಣಕ್ಕಿಂತ ಸ್ವಲ್ಪದರಲ್ಲಿ ಮುಂದಾಗಿತ್ತು.