ನಿಮಗಿದು ಗೊತ್ತೆ? ಬೆಂಗಳೂರಿನಲ್ಲೇ ಸಿಕ್ಕ ಹೊಸ ಸಗಣಿ ಹುಳು

ಸಗಣಿ ಹುಳು ಎಂದರೆ ಉಂಡೆ ಉರುಳಿಸುವ ಕೀಟ ಎಂದೇ ಹೆಚ್ಚಿನವರ ಲೆಕ್ಕ. ಆದರೆ ಬಹುಪಾಲು ಜಾತಿಗಳು ಉರುಳಿಸುವ ಗೋಜಿಗೇ ಹೋಗುವುದಿಲ್ಲ. ಸಗಣಿಯ ಅಡಿಯಲ್ಲೇ ಸುರಂಗ ತೋಡಿ, ಅದನ್ನು ಒಳಗೆಳೆದು, ಅಲ್ಲೇ ಮೊಟ್ಟೆಯಿಡುತ್ತವೆ. ಗೊಬ್ಬರ ನೇರ ಬೇರಿಗೆ, ನೊಣಗಳ ಕಾಟವೂ ಕಡಿಮೆ!

ಇಂಥ ಒನೈಟಿಸ್ ಕುಲದ ಹೊಸ ಜಾತಿಯೊಂದನ್ನು ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಕೀಟತಜ್ಞರು ಗುರುತಿಸಿದ್ದು ದಟ್ಟ ಕಾಡಿನಿಂದಲ್ಲ, ಬೆಂಗಳೂರಿನ ಹೊರವಲಯದ ವಿಸ್ತಾರ್ ಎಂಬ ಸಂಸ್ಥೆಯ ಆವರಣದಿಂದ. ಹೆಸರೂ ಒನೈಟಿಸ್ ವಿಸ್ತಾರ.

ಇದೇ ನಗರದ ಪಶ್ಚಿಮದಲ್ಲಿರುವ ಚಂದ್ರಾ ಲೇಔಟ್‌ನ ಬೀದಿಗಳಲ್ಲಿ ಹಸುಗಳಿಗೇನೂ ಬರವಿಲ್ಲ. ಆದರೆ ಸಗಣಿ ಬೀಳುವುದು ಡಾಂಬರಿನ ಮೇಲೆ, ಹುಳು ತೋಡುವುದೆಲ್ಲಿ? ತೋಡಲು ಮಣ್ಣಿರುವುದು ಕುರುಚಲು ಕಾಡುಗಳಂಥ ಜಾಗಗಳಲ್ಲಿ; ನಗರದ ನೈಋತ್ಯದಲ್ಲಿ ಉಳಿದಿರುವ ಅಂಥ ಕಾಡುಗಳಲ್ಲಿ ತುರಹಳ್ಳಿಯೂ ಒಂದು. ಅಲ್ಲಿ ವೃಕ್ಷೋದ್ಯಾನ ಮಾಡಹೊರಟ ಯೋಜನೆಗೆ 2021ರಲ್ಲಿ ನಾಗರಿಕರೇ ಬೀದಿಗಿಳಿದು ತಡೆಯೊಡ್ಡಿದರು.