ಲೈಡಾರ್ ಕಣ್ಣಿಗೆ ಮಣ್ಣೆರಚುವವರು

ಚಾಲಕನಿಲ್ಲದ ಕಾರಿನ ನೆತ್ತಿಯ ಮೇಲೆ ಕೂರುವ ಲೈಡಾರ್ ನಂಬಿರುವುದು ಸರಳವಾದ ಲೆಕ್ಕವನ್ನು. ಲೇಸರ್ ಮಿಡಿತವನ್ನು ಹೊರಗೆ ಬಿಡುವುದು, ಅದು ಎದುರಿನ ವಸ್ತುವಿಗೆ ತಾಗಿ ಮರಳುವ ಹೊತ್ತನ್ನು ಅಳೆದು ದೂರ ತಿಳಿಯುವುದು. 150 ಮೀಟರ್ ಆಚೆಯ ಲಾರಿಯನ್ನು ಮುಟ್ಟಿ ಬರಲು ಬೆಳಕಿಗೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಸಾಕು.

ತೊಡಕಿರುವುದು ಬೆಳಕು ಮರಳದಿದ್ದಾಗ. ರಸ್ತೆ ಖಾಲಿಯಿದ್ದರೂ ಅದು ಮರಳದು; ಎದುರಿಗೆ ಲಾರಿಯಿದ್ದು ಬೆಳಕು ನಡುದಾರಿಯಲ್ಲಿ ಕಳೆದುಹೋದರೂ ಮರಳದು. ಏನೂ ಇಲ್ಲವೋ, ಏನೂ ಕಾಣುತ್ತಿಲ್ಲವೋ? ಕೊಳೆ, ಮಂಜು, ಮಳೆ ತಂದೊಡ್ಡುವ ಪ್ರಶ್ನೆ ಇದೇ.

ಲೈಡಾರಿನ ಕಿಟಕಿಗೆ ಕೆಸರು ಮೆತ್ತಿ ಅರ್ಧ ಬೆಳಕು ತಡೆಯಿತೆನ್ನಿ. ಹೋಗುವಾಗೊಮ್ಮೆ, ಬರುವಾಗೊಮ್ಮೆ ಬೆಳಕು ಅದನ್ನು ದಾಟಬೇಕು. ಉಳಿಯುವುದು ಕಾಲು ಪಾಲು. ದೂರ ಇಮ್ಮಡಿಯಾದರೆ ಮರಳುವ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುವುದರಿಂದ, 200 ಮೀಟರ್ ಕಾಣುತ್ತಿದ್ದ ಲೈಡಾರಿಗೆ ಈಗ ಕಾಣುವುದು ಸುಮಾರು 100 ಮೀಟರ್. ಗಂಟೆಗೆ 100 ಕಿ.ಮೀ. ವೇಗದ ಕಾರು ಅಷ್ಟನ್ನು ನಾಲ್ಕು ಸೆಕೆಂಡಿನೊಳಗೆ ದಾಟುತ್ತದೆ. ಹತ್ತಿರದ್ದೆಲ್ಲ ಎಂದಿನಂತೆ ಕಾಣುತ್ತಿರುತ್ತದಾದ್ದರಿಂದ ಕಳೆದುಕೊಂಡದ್ದು ತಟ್ಟನೆ ತಿಳಿಯುವುದೂ ಇಲ್ಲ. ಗಾಜಿನ ಮೇಲಿನ ನೀರಹನಿ ಇನ್ನೂ ಕಿಡಿಗೇಡಿ: ಮಸೂರದಂತೆ ಬೆಳಕನ್ನು ಬಾಗಿಸಿ, ಇಲ್ಲಿರುವುದನ್ನು ಅಲ್ಲಿ ತೋರಿಸುತ್ತದೆ.

ಮಳೆಗಿಂತ ಮಂಜು ಕಷ್ಟ. ಮಳೆಹನಿಗಳು ದೊಡ್ಡವು, ಆದರೆ ವಿರಳ. ಮಂಜಿನ ಕಣಗಳು ಅತಿಸಣ್ಣ, ಆದರೆ ಲೆಕ್ಕವಿಲ್ಲದಷ್ಟು. ಕಾರುಗಳ ಲೈಡಾರ್‌ಗಳಲ್ಲಿ ಹೆಚ್ಚಾಗಿ ಬಳಸುವ 905 ನ್ಯಾನೋಮೀಟರ್ ಬೆಳಕು ಅವುಗಳಿಗೆ ಬಡಿದು ಚದುರುತ್ತದೆ. ಒಂದಿಷ್ಟು ಹಿಂದಕ್ಕೆ ಬಂದು, ಇಲ್ಲದ ಗೋಡೆಯನ್ನು ಕಾರಿನ ಮುಂದೆ ನಿಲ್ಲಿಸುತ್ತದೆ. ಸುಮಾರು 4 ಮಿಲಿಮೀಟರ್ ತರಂಗಾಂತರದ ರೇಡಾರ್ ಇದೇ ಮಂಜನ್ನು ಸಲೀಸಾಗಿ ದಾಟುತ್ತದೆ, ಆದರೆ ಅದು ಕೊಡುವ ಚಿತ್ರ ಒರಟು. ಮಳೆ ನಿಂತರೂ ಕಾಟ ತಪ್ಪದು. ನೆಂದ ಡಾಂಬರು ಬೆಳಕನ್ನು ಮುಂದಕ್ಕೇ ಜಾರಿಸಿಬಿಡುವುದರಿಂದ ದೂರದ ರಸ್ತೆಯೇ ಚಿತ್ರದಿಂದ ಮಾಯವಾಗುತ್ತದೆ. ಮುಂದಿನ ಬಸ್ಸಿನ ಚಕ್ರ ಎರಚಿದ ನೀರು ಗಟ್ಟಿ ವಸ್ತುವಿನ ವೇಷ ಹಾಕುತ್ತದೆ.

ಇದಕ್ಕೆ ಉಪಾಯಗಳಿವೆ. ಒಂದೇ ಮಿಡಿತಕ್ಕೆ ಹಲವು ಮರುದನಿಗಳು ಬಂದರೆ, ಮೊದಲು ಬಂದ ಕ್ಷೀಣವಾದದ್ದು ಮಳೆಹನಿಯದು, ಕೊನೆಗೆ ಬಂದ ಬಲವಾದದ್ದು ಗೋಡೆಯದು ಎಂದು ತಂತ್ರಾಂಶ ಊಹಿಸುತ್ತದೆ. ಒಂದು ಕ್ಷಣ ಕಂಡು ಮರುಕ್ಷಣ ಇಲ್ಲವಾದ ಒಂಟಿ ಬಿಂದುವನ್ನು ಕೈಬಿಡುತ್ತದೆ. ಮಂಜಿನ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಧೂಳಿನ ಫೀನಿಕ್ಸ್‌ನಲ್ಲೂ ಓಡುವ ವೇಮೋ ಕಂಪನಿಯ ಚಾಲಕನಿಲ್ಲದ ಕಾರುಗಳ ಲೈಡಾರಿಗೆ ಪುಟ್ಟ ವೈಪರ್‌ಗಳೇ ಇವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಲೈಡಾರ್ ತನ್ನ ಗಾಜನ್ನು ತಾನೇ ಪರೀಕ್ಷಿಸಿಕೊಳ್ಳುವುದು. ಕೊಳೆ ಕೂತಾಗ ಗಾಜಿನಿಂದಲೇ ಹಿಂತಿರುಗುವ ಬೆಳಕು ಹೆಚ್ಚುತ್ತದೆ. ಅದನ್ನು ಅಳೆದರೆ ದೃಷ್ಟಿ ಎಷ್ಟು ಮಂಕಾಗಿದೆಯೆಂಬ ಅಂದಾಜು ಸಿಗುತ್ತದೆ. ತನಗೆ 100 ಮೀಟರ್ ಮಾತ್ರ ಕಾಣುತ್ತಿದೆಯೆಂದು ಗೊತ್ತಿರುವ ಕಾರು ವೇಗ ತಗ್ಗಿಸಿ ಕ್ಷೇಮವಾಗಿ ಸಾಗಬಲ್ಲದು. 200 ಮೀಟರ್ ಕಾಣುತ್ತಿದೆಯೆಂದೇ ನಂಬಿದ ಕಾರಿನಲ್ಲಿ ಯಾರೂ ಕೂರಬಾರದು.